ಚೆಂಡು ಇಲ್ಲದ ಕಡೆ

ಗೋವಾದ ಮಡಗಾಂವದಲ್ಲಿರುವ ಫತೋರ್ಡಾದ ಸ್ಟೇಡಿಯಂನಲ್ಲಿ ಕೂತು ಒಮ್ಮೆ ಪೂರ್ತಿ ಹತ್ತು ನಿಮಿಷ ನಾನು ಚೆಂಡಿನ ಕಡೆ ಕಣ್ಣೇ ಹಾಯಿಸಲಿಲ್ಲ. 2018ರ ಕೊನೆಯ ದಿನಗಳು. ಸುತ್ತಲೂ ಎಫ್‌ಸಿ ಗೋವಾದ ಕೇಸರಿ ಅಂಗಿಯವರು ಏಳುತ್ತಿದ್ದರು, ಕೂರುತ್ತಿದ್ದರು, ಹಿಂದಿನ ಸಾಲಿನಲ್ಲಿ ಡೋಲು ಬಡಿಯುತ್ತಿತ್ತು. ನಾನು ಒಬ್ಬನನ್ನೇ ನೋಡುತ್ತಿದ್ದೆ. ಫೆರಾನ್ ಕೊರೊಮಿನಾಸ್, ಗೋವಾದವರ ಬಾಯಲ್ಲಿ ಕೋರೊ. ಹಿಂದಿನ ಸೀಸನ್ನಿನಲ್ಲಿ 18 ಗೋಲು ಹೊಡೆದು ಐಎಸ್‌ಎಲ್‌ನಲ್ಲಿ, ಅಂದರೆ ಇಂಡಿಯನ್ ಸೂಪರ್ ಲೀಗ್‌ನಲ್ಲಿ, ಅತಿ ಹೆಚ್ಚು ಗೋಲು ಹೊಡೆದವನಿಗೆ ಸಿಗುವ ಗೋಲ್ಡನ್ ಬೂಟ್ ಗೆದ್ದಿದ್ದವನು. ಆ ಸೀಸನ್ನಿನಲ್ಲೂ 16 ಹೊಡೆದು ಮತ್ತೆ ಅವನೇ ಗೆದ್ದ. ಇಂಥವನು ಮೈದಾನದಲ್ಲಿ ಏನು ಮಾಡುತ್ತಿರುತ್ತಾನೆ ಎಂದು ನೋಡಿದರೆ, ನಡೆಯುತ್ತಿದ್ದ. ನಮ್ಮೂರ ಭಾನುವಾರದ ಸಂತೆಯಲ್ಲಿ ಕೈಯಲ್ಲಿ ಚೀಲ ಹಿಡಿದು ರೇಟು ಕೇಳುತ್ತ ಹೋಗುವವರ ನಡಿಗೆ. ನಾಲ್ಕು ಹೆಜ್ಜೆ, ಬಲ ಹೆಗಲ ಮೇಲಿಂದ ಒಂದು ನೋಟ. ಮತ್ತೆ ನಾಲ್ಕು ಹೆಜ್ಜೆ, ಎಡ ಹೆಗಲ ಮೇಲಿಂದ ಇನ್ನೊಂದು. ಅವನನ್ನು ಕಾಯಬೇಕಾದ ಡಿಫೆಂಡರ್ ಚೆಂಡಿನ ಕಡೆ ಮುಖ ತಿರುಗಿಸಿದ್ದೇ ತಡ, ಇವನು ಅವನ ಬೆನ್ನ ಹಿಂದಕ್ಕೆ ಒಂದು ಮೀಟರ್ ಸರಿಯುತ್ತಿದ್ದ. ಆತ ಹುಡುಕಿಕೊಂಡು ತಿರುಗಿದರೆ ಏನೂ ಆಗದವನಂತೆ ಮೊದಲಿನ ಜಾಗಕ್ಕೆ. ಆ ಹತ್ತು ನಿಮಿಷದಲ್ಲಿ ಚೆಂಡು ಅವನ ಕಾಲಿಗೆ ಬಂದದ್ದು ಎರಡೇ ಸಲ. ಎರಡು ಸಲವೂ ಅವನ ಸುತ್ತ ಯಾರೂ ಇರಲಿಲ್ಲ.

ವಾಪಸ್ಸು ಬರುವ ರೈಲಿನಲ್ಲಿ, ಕಾಣಕೋಣ ದಾಟಿ ಲೋಲಿಯೆ, ಅಸ್ನೋಟಿ ಎಂದು ಒಂದೊಂದೇ ಸ್ಟೇಷನ್ ಹಿಂದೆ ಸರಿಯುತ್ತಿದ್ದಾಗ, ನಮ್ಮ ಕಾರವಾರದ ಸ್ಟೇಷನ್ ಇರುವ ಶಿರವಾಡದಲ್ಲಿ ಇಳಿಯುವ ತನಕ ನಾನು ಅದನ್ನೇ ಯೋಚಿಸುತ್ತಿದ್ದೆ. ಟಿವಿಯಲ್ಲಿ ಇದೇ ಕೋರೊನನ್ನು ಒಂದು ವರ್ಷದಿಂದ ನೋಡುತ್ತಿದ್ದೇನೆ. ಈ ನಡಿಗೆಯನ್ನು ಒಮ್ಮೆಯೂ ಕಂಡಿರಲಿಲ್ಲ.

ಲೆಕ್ಕ ಹಾಕಿ ನೋಡಿ. ತೊಂಬತ್ತು ನಿಮಿಷದ ಆಟದಲ್ಲಿ ಥ್ರೋ, ಫೌಲು, ಕಾರ್ನರ್ ಅಂತ ನಿಂತ ಹೊತ್ತನ್ನೆಲ್ಲ ಕಳೆದರೆ ಚೆಂಡು ನಿಜಕ್ಕೂ ಉರುಳುವುದು 55-60 ನಿಮಿಷ. ಅದನ್ನು 22 ಜನಕ್ಕೆ ಹಂಚಿದರೆ ತಲಾ ಎರಡೂವರೆ ನಿಮಿಷದ ಆಸುಪಾಸು. ಉಳಿದ ಎಂಬತ್ತೇಳು ಚಿಲ್ಲರೆ ನಿಮಿಷ ಒಬ್ಬ ಆಟಗಾರ ಏನು ಮಾಡುತ್ತಾನೋ ಅದೇ ಫುಟ್ಬಾಲ್ ಎಂದು ನಾನು ಈಗ ನಂಬುತ್ತೇನೆ. ಇಷ್ಟು ತಿಳಿಯಲು ನನಗೆ ಒಂದು ಸಮುದ್ರ ದಂಡೆ, ಒಂದು ಕಪ್ಪು-ಬಿಳುಪು ಟಿವಿ, ಒಂದು ಸೈಬರ್ ಸೆಂಟರಿನ ಕೀಬೋರ್ಡು ಬೇಕಾದವು.

ಕಾರವಾರದಲ್ಲಿ ನಾವು ಆಟ ಕಲಿತದ್ದು ಟಾಗೋರ್ ಕಡಲತೀರದಲ್ಲಿ. ಮಾಲಾದೇವಿ ಮೈದಾನ ದೊಡ್ಡವರದ್ದು, ಅಲ್ಲಿ ನಮಗೆ ಸರದಿ ಸಿಗುತ್ತಿರಲಿಲ್ಲ. ದಂಡೆಯ ಮೈದಾನಕ್ಕೆ ಸಮುದ್ರವೇ ವಾರಸುದಾರ. ನೀರು ಇಳಿದಾಗ ಒದ್ದೆ ಉಸುಕು ಗಟ್ಟಿಯಾಗಿ ಚಪ್ಪಟೆ ನಿಲ್ಲುತ್ತದೆ, ಆಗ ಮಾತ್ರ ಆಟ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತ ಇರುತ್ತದೆ. ಹಾಗಾಗಿ ಈ ವಾರ ಶಾಲೆ ಬಿಟ್ಟ ಕೂಡಲೇ ಆಡಿದವರಿಗೆ ಮುಂದಿನ ವಾರ ಅದೇ ಹೊತ್ತಿಗೆ ಮೈದಾನವೇ ಇಲ್ಲ. ಉತ್ತರದ ಗೋಲಿನ ಹಿಂದೆ ದೂರದಲ್ಲಿ ಸದಾಶಿವಗಡದ ಗುಡ್ಡ, ದಕ್ಷಿಣದ ಗೋಲಿನ ಹಿಂದೆ ಬೈತಖೋಲದ ಬಂದರು. ಪೂರ್ವಕ್ಕೆ ಗಾಳಿಮರಗಳ ಸಾಲು, ಪಶ್ಚಿಮಕ್ಕೆ ನೀರಿನ ಗೆರೆ. ಆ ಗೆರೆ ನಿಂತಲ್ಲಿ ನಿಲ್ಲದ್ದರಿಂದ ನಮ್ಮಲ್ಲಿ ಒಂದು ಕಾಯಿದೆ ಇತ್ತು: ಚೆಂಡು ಅಲೆಯೊಳಗೆ ಹೋದರೂ ಔಟಲ್ಲ, ಅಲೆ ತಂದು ಕೊಟ್ಟಲ್ಲಿಂದ ಆಟ.

ಬಂದರಿನ ಕೆಲಸ ಮುಗಿಸಿ ಬರುತ್ತಿದ್ದ ಒಬ್ಬ ಹಿರಿಯರು ನಮ್ಮನ್ನು ಆಡಿಸುತ್ತಿದ್ದರು. ಕನ್ನಡದಲ್ಲಿ ಮಾತು, ಸಿಟ್ಟು ಬಂದರೆ ಕೊಂಕಣಿ. ಅವರು ಕೂಗುತ್ತಿದ್ದದ್ದು ಒಂದೇ ಮಾತು, "ಪಳೆ ರೇ! ಪಳೆ!" ನೋಡೋ, ನೋಡು. ಯಾವುದನ್ನು ನೋಡಬೇಕು ಎಂಬುದು ನನಗೆ ಅರ್ಥವಾಗುತ್ತಿರಲಿಲ್ಲ, ಚೆಂಡನ್ನು ನೋಡುತ್ತಲೇ ಇದ್ದೆನಲ್ಲ. ಒಂದು ಸಂಜೆ ಆಟದ ನಡುವೆ ಸೀಟಿ ಊದಿ ಎಲ್ಲರನ್ನೂ ನಿಂತಲ್ಲೇ ನಿಲ್ಲಿಸಿದರು. "ಕಣ್ಣು ಮುಚ್ಚಿ" ಅಂದರು. ನನ್ನ ಹತ್ತಿರ ಬಂದು, "ಈಗ ಹೇಳು, ನಿನ್ನ ಎಡಕ್ಕೆ ಯಾರು ಇದ್ದಾರೆ? ಎಷ್ಟು ದೂರ?" ನನ್ನ ಕಾಲ ಕೆಳಗೆ ಉಸುಕು ನೀರು ಬಿಟ್ಟುಕೊಳ್ಳುವುದು ತಿಳಿಯುತ್ತಿತ್ತು, ಗಾಳಿಮರದ ಸದ್ದು ಕೇಳುತ್ತಿತ್ತು, ಎಡಕ್ಕೆ ಯಾರೆಂದು ಮಾತ್ರ ಗೊತ್ತಿರಲಿಲ್ಲ. ಕಣ್ಣು ಬಿಟ್ಟರೆ ಐದು ಹೆಜ್ಜೆ ದೂರದಲ್ಲಿ ನನ್ನದೇ ಪಕ್ಕದ ಮನೆಯ ಹುಡುಗ, ಒಬ್ಬನೇ, ಎರಡೂ ಕೈ ಬಿಟ್ಟುಕೊಂಡು ನಿಂತಿದ್ದ.

ಟಿವಿ ಬಂದದ್ದು ಈ ಪಾಠವನ್ನು ಮರೆಸಲಿಕ್ಕೆ ಎಂದು ಹೇಳಿದರೆ ಟಿವಿಗೆ ಅನ್ಯಾಯ ಮಾಡಿದಂತೆ. ಟಿವಿ ಇಲ್ಲದಿದ್ದರೆ ನಾನು ಫುಟ್ಬಾಲಿನ ಹುಚ್ಚಿಗೆ ಬೀಳುತ್ತಲೇ ಇರಲಿಲ್ಲ. 1994ರ ಜುಲೈ, ಜಡಿಮಳೆ. ವಿಶ್ವಕಪ್ ಫೈನಲ್. ಅಮೆರಿಕದ ಪಸಡೇನಾದಲ್ಲಿ ಮಧ್ಯಾಹ್ನದ ಬಿಸಿಲು, ನಮಗೆ ರಾತ್ರಿ ಒಂದು ಗಂಟೆ. ಒಂಬತ್ತು ವರ್ಷದ ನಾನು ಅಪ್ಪನ ಪಕ್ಕ ಕಂಬಳಿ ಹೊದ್ದು ಕೂತಿದ್ದೆ. ನಮ್ಮದು ಕಪ್ಪು-ಬಿಳುಪು ಸೆಟ್ಟು. ಬ್ರೆಜಿಲಿನ ಹಳದಿ ನಮಗೆ ತಿಳಿ ಬೂದಿ, ಇಟಲಿಯ ನೀಲಿ ಗಾಢ ಬೂದಿ. ಎರಡು ಗಂಟೆ ಗೋಲೇ ಇಲ್ಲ. ಕೊನೆಗೆ ಇಟಲಿಯ ರಾಬರ್ಟೊ ಬಾಜಿಯೊ ಪೆನಾಲ್ಟಿಯನ್ನು ಕಂಬದ ಮೇಲಿಂದ ಆಚೆ ಹೊಡೆದ. ಅದಾದ ಮೇಲೆ ಚೆಂಡು ಎಲ್ಲಿಗೆ ಹೋಯಿತೆಂದು ಯಾರಿಗೆ ಬೇಕು? ಅವನು ಸೊಂಟಕ್ಕೆ ಕೈಯಿಟ್ಟು ತಲೆ ತಗ್ಗಿಸಿ ನಿಂತಿದ್ದ. ಹಂಚಿನ ಮೇಲೆ ಮಳೆಯ ಸದ್ದಿಗೆ ಕಾಮೆಂಟರಿ ಕೇಳುತ್ತಿರಲಿಲ್ಲ. ಅಪ್ಪ, "ಪಾಪ, ಆ ಮಾಣಿ ಒಬ್ಬನೇ ಆಗಿಹೋದ" ಅಂದರು. ಟಿವಿ ಮನುಷ್ಯನ ಮುಖದ ಹತ್ತಿರಕ್ಕೆ ಹೋಗಬಲ್ಲದು. ಸ್ಟೇಡಿಯಂನ ಮೇಲಿನ ಸಾಲಿನಲ್ಲಿ ಕೂತವನಿಗೆ ಆ ಮುಖ ಸಿಕ್ಕಿರಲಿಕ್ಕಿಲ್ಲ. ಅದು ಟಿವಿಯ ಋಣ.

ಆಮೇಲೆ ಕೇಬಲ್ ಬಂತು, ಇಎಸ್‌ಪಿಎನ್-ಸ್ಟಾರ್ ಸ್ಪೋರ್ಟ್ಸ್ ಬಂತು, ಶನಿವಾರ ರಾತ್ರಿಗಳು ಇಂಗ್ಲೆಂಡಿನ ಲೀಗಿಗೆ ಮೀಸಲಾದವು. ಇಂಗ್ಲೆಂಡಿನಲ್ಲಿ ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ಶುರುವಾಗುವ ಪಂದ್ಯಗಳನ್ನು ಅಲ್ಲಿನ ಟಿವಿಯಲ್ಲಿ ನೇರವಾಗಿ ತೋರಿಸುವುದಿಲ್ಲ, 1960ರ ದಶಕದಿಂದ ಬಂದ ಕಟ್ಟಳೆ. ಜನ ಮನೆಯಲ್ಲಿ ಕೂತುಬಿಟ್ಟರೆ ಊರೂರಿನ ಸಣ್ಣ ಕ್ಲಬ್ಬುಗಳ ಮೈದಾನ ಖಾಲಿ ಹೊಡೆಯುತ್ತದೆ ಎಂಬ ಕಾಳಜಿ. ಹಾಗಾಗಿ ಮ್ಯಾಂಚೆಸ್ಟರಿನವ ತನ್ನ ಮನೆಯಲ್ಲಿ ನೋಡಲಾಗದ ಪಂದ್ಯವನ್ನು ಕಾರವಾರದ ಕಾಜೂಬಾಗದ ಹುಡುಗರು ಬಂಗಡೆ ಸಾರಿನ ಊಟ ಮುಗಿಸಿ ರಾತ್ರಿ ಎಂಟೂವರೆಗೆ ನೋಡುತ್ತಿದ್ದೆವು. ಇದು ತಿಳಿದ ದಿನ ನನಗೆ ಹೆಮ್ಮೆಯಾಗಿತ್ತು. ಈಗ ಆ ಕಟ್ಟಳೆ ಮಾಡಿದವರ ಕಾಳಜಿಯೇ ಹೆಚ್ಚು ಹಿಡಿಸುತ್ತದೆ.

ಟಿವಿ ಏನನ್ನು ಬಿಟ್ಟುಬಿಡುತ್ತದೆ ಎಂದು ಮೊದಲು ಕಂಡದ್ದು 2005ರಲ್ಲಿ. ಆ ರಾತ್ರಿಯ ಬಗ್ಗೆ ಸ್ವಲ್ಪ ನಿಧಾನಕ್ಕೆ ಹೇಳಬೇಕು.

ಮೇ 25, ಇಸ್ತಾಂಬುಲ್. ಯುರೋಪಿನ ಕ್ಲಬ್ಬುಗಳ ಚಾಂಪಿಯನ್ಸ್ ಲೀಗ್ ಫೈನಲ್, ಇಂಗ್ಲೆಂಡಿನ ಲಿವರ್‌ಪೂಲ್ ಮತ್ತು ಇಟಲಿಯ ಎಸಿ ಮಿಲಾನ್. ನಮಗೆ ಮಧ್ಯರಾತ್ರಿ ದಾಟಿ 12:15ಕ್ಕೆ ಶುರು. ನಾನು ಲಿವರ್‌ಪೂಲಿನವನು, ಯಾಕೆಂದು ಕೇಳಿದರೆ ಕಾರಣವಿಲ್ಲ, ಕುಲದೇವರ ಹಾಗೆ ಬಂದದ್ದು. ಮೊದಲ ನಿಮಿಷದಲ್ಲೇ ಮಿಲಾನಿನ ಮಾಲ್ದಿನಿ ಗೋಲು ಹೊಡೆದ. ಹಾಫ್‌ಟೈಮ್ ಹೊತ್ತಿಗೆ ಕ್ರೆಸ್ಪೊ ಇನ್ನೆರಡು ಹೊಡೆದು 3-0. ಮಿಲಾನಿನ ಕಾಕಾ ಮೈದಾನದ ನಡುವಿನಲ್ಲಿ ಬಾಗಿಲು ತೆರೆದ ಮನೆಯೊಳಗೆ ಓಡಾಡಿದಂತೆ ಓಡಾಡುತ್ತಿದ್ದ. ಒಂದು ಗಂಟೆಗೆ ಸರಿಯಾಗಿ ಪೂರ್ವ ಮುಂಗಾರಿನ ಗುಡುಗು ಸಿಡಿಲು ಶುರುವಾಗಿ ಕರೆಂಟು ಹೋಯಿತು. ಕಿಟಕಿಯಲ್ಲಿ ಕೂತು ಕಾದೆ. ಮಿಂಚು ಬಂದಾಗಲೆಲ್ಲ ಅಂಗಳದ ತೆಂಗಿನ ಮರ ಬೆಳ್ಳಗೆ ಕಂಡು ಮಾಯವಾಗುತ್ತಿತ್ತು. ಎರಡು ಗಂಟೆಗೆ ಮಲಗಿದೆ, ಸೋತೆವು ಎಂದುಕೊಂಡು.

ಬೆಳಿಗ್ಗೆ ಪತ್ರಿಕೆಯಲ್ಲಿ ಸುದ್ದಿಯೇ ಇಲ್ಲ. ನಮ್ಮ ಕಡೆಯ ಆವೃತ್ತಿ ಅಷ್ಟು ಹೊತ್ತಿಗೆ ಅಚ್ಚಾಗಿ ಹೊರಟಿರುತ್ತದೆ. ಹತ್ತು ಗಂಟೆಗೆ ಕರೆಂಟು ಬಂದು ಟಿವಿ ಹಾಕಿದರೆ ನಮ್ಮ ನಾಯಕ ಜೆರಾರ್ಡ್ ಕೈಯಲ್ಲಿ ಕಪ್. 54ನೇ ನಿಮಿಷ ಜೆರಾರ್ಡ್, 56ನೇ ನಿಮಿಷ ಸ್ಮಿಸರ್, 60ನೇ ನಿಮಿಷ ಅಲೊನ್ಸೊ. ಆರು ನಿಮಿಷದಲ್ಲಿ ಮೂರು ಗೋಲು, ಆಮೇಲೆ ಶೆವ್‌ಚೆಂಕೊ ಹೊಡೆತಕ್ಕೆ ನಮ್ಮ ಗೋಲ್‌ಕೀಪರ್ ಡುಡೆಕ್ ಕೈಯೊಡ್ಡಿದ್ದು, ಪೆನಾಲ್ಟಿಯಲ್ಲಿ ಗೆಲುವು. ದಿನವಿಡೀ ಆ ಮೂರು ಗೋಲು ತೋರಿಸಿದರು, ದಿನವಿಡೀ ನೋಡಿದೆ. ಕುಣಿದೆ. ಆದರೆ ಸಂಜೆಯ ಹೊತ್ತಿಗೆ ಒಂದು ಕಿರಿಕಿರಿ ಶುರುವಾಯಿತು. ಏನಾಯಿತು ಎಂದು ಗೊತ್ತಾಗಿತ್ತು, ಹೇಗಾಯಿತು ಎಂದು ಗೊತ್ತಾಗಲಿಲ್ಲ. ಮೊದಲರ್ಧದಲ್ಲಿ ಕಾಲಡಿಯ ನೆಲವೇ ಕುಸಿದಂತೆ ಆಡಿದ ಅದೇ ಹನ್ನೊಂದು ಜನ ಹದಿನೈದು ನಿಮಿಷದ ವಿರಾಮದಲ್ಲಿ ಬೇರೆಯವರಾದದ್ದು ಹೇಗೆ?

ಉತ್ತರ ಸಿಕ್ಕಿದ್ದು ಎಷ್ಟೋ ವರ್ಷದ ಮೇಲೆ, ಪೂರ್ತಿ ಪಂದ್ಯ ಇಂಟರ್ನೆಟ್ಟಿನಲ್ಲಿ ನೋಡಿದಾಗ. ಅದೇ ಹನ್ನೊಂದು ಜನ ಆಗಿರಲಿಲ್ಲ. ವಿರಾಮದಲ್ಲಿ ಹಿಂದಿನ ಸಾಲಿನ ಡಿಫೆಂಡರ್ ಫಿನ್ನನ್‌ನನ್ನು ಕೂರಿಸಿ ಡೀಟ್‌ಮಾರ್ ಹಾಮನ್‌ನನ್ನು ಇಳಿಸಿದ್ದರು. ಹಿಂದೆ ಮೂರೇ ಜನ, ನಡುವೆ ಹಾಮನ್, ಅದರಿಂದ ಜೆರಾರ್ಡ್‌ಗೆ ಮುಂದೆ ಹೋಗಲು ಸ್ವಾತಂತ್ರ್ಯ. ನಾನು ಆ ದ್ವಿತೀಯಾರ್ಧವನ್ನು ಎರಡು ಸಲ ನೋಡಿದೆ, ಎರಡನೇ ಸಲ ಹಾಮನ್ ಒಬ್ಬನನ್ನೇ ಹಿಂಬಾಲಿಸಿ. ಆತ ಅಂಥ ದೊಡ್ಡ ಸಾಹಸವೇನೂ ಮಾಡುವುದಿಲ್ಲ. ಕಾಕಾ ಹಾದುಹೋಗುತ್ತಿದ್ದ ದಾರಿಯಲ್ಲಿ ಬಂದು ನಿಲ್ಲುತ್ತಾನೆ. ಕಾಕಾ ಎಡಕ್ಕೆ ಸರಿದರೆ ಇವನೂ ಮೂರು ಹೆಜ್ಜೆ ಎಡಕ್ಕೆ. ಪಾಸ್ ಕೊಡಬೇಕೆಂದಿದ್ದ ಮಿಲಾನಿನವ ತಲೆಯೆತ್ತಿ ನೋಡಿ, ಬೇಡವೆಂದು ಬೇರೆ ಕಡೆ ಕೊಡುತ್ತಾನೆ. ಕೊಡದೇ ಹೋದ ಪಾಸನ್ನು ಯಾವ ಹೈಲೈಟ್ಸ್‌ನಲ್ಲಿ ತೋರಿಸುತ್ತಾರೆ? ಆ ಮೂರು ಗೋಲಿನ ತುಣುಕುಗಳನ್ನು ಇವತ್ತೂ ಜನ ಹಂಚಿಕೊಳ್ಳುತ್ತಾರೆ. ರಾತ್ರಿಯನ್ನು ತಿರುಗಿಸಿದವನು ಅವುಗಳಲ್ಲಿ ಇದ್ದೂ ಇಲ್ಲ.

ಹಾಮನ್‌ನನ್ನು ನೋಡುವ ಕಣ್ಣು ನನಗೆ ಬಂದದ್ದಾದರೂ ವಿಡಿಯೋ ಗೇಮಿನಿಂದ. ಇದನ್ನು ಹೇಳಿದರೆ ಆಟ ಬಲ್ಲ ಗೆಳೆಯರು ಒಪ್ಪುವುದಿಲ್ಲ, ಆದರೂ ನಿಜ.

2002-03ರ ಹೊತ್ತಿಗೆ ನಮ್ಮೂರಲ್ಲಿ ಸೈಬರ್ ಸೆಂಟರುಗಳು ತೆರೆದಿದ್ದವು. ನಾವು ಹೋಗುತ್ತಿದ್ದ ಸೆಂಟರಿನಲ್ಲಿ ಗಂಟೆಗೆ 20 ರೂಪಾಯಿ, ಹಿಂದಿನ ಮೂಲೆಯ ಎರಡು ಕಂಪ್ಯೂಟರಿನಲ್ಲಿ ಫಿಫಾ ಗೇಮ್. ಗೇಮ್‌ಪ್ಯಾಡ್ ಎಲ್ಲಿಂದ ಬರಬೇಕು? ಒಂದೇ ಕೀಬೋರ್ಡಿನಲ್ಲಿ ಇಬ್ಬರು, ಹೆಗಲಿಗೆ ಹೆಗಲು ಒತ್ತಿಕೊಂಡು. ಎಸ್ ಒತ್ತಿದರೆ ಪಾಸ್, ಡಿ ಒತ್ತಿದರೆ ಶಾಟ್, ಡಬ್ಲ್ಯೂ ಒತ್ತಿದರೆ ಎದುರಾಳಿಗಳ ಸಾಲು ಸೀಳಿ ಹೋಗುವ ಪಾಸ್, ಅಂದರೆ ಥ್ರೂ ಬಾಲ್, ಇ ಒತ್ತಿ ಹಿಡಿದರೆ ಓಟ. ಆ ಅಗ್ಗದ ಕೀಬೋರ್ಡುಗಳಿಗೆ ಒಂದು ಮಿತಿ ಇತ್ತು: ಒಂದೇ ಹೊತ್ತಿಗೆ ಮೂರ್ನಾಲ್ಕು ಕೀಲಿ ಒತ್ತಿದರೆ ಮುಂದಿನದು ದಾಖಲಾಗುತ್ತಿರಲಿಲ್ಲ. ಎದುರಾಳಿ ಬಾಣದ ಗುರುತಿನ ಕೀಲಿಗಳನ್ನು ಒತ್ತಿ ಹಿಡಿದಿದ್ದರೆ ನನ್ನ ಶಾಟ್ ಎಷ್ಟು ಒತ್ತಿದರೂ ಹೋಗದು. ಗೋಲಿನ ಎದುರು ನಿಂತ ಆಟಗಾರ ಚೆಂಡು ಹಿಡಿದುಕೊಂಡು ಸುಮ್ಮನೆ ಓಡುತ್ತಲೇ ಇರುತ್ತಿದ್ದ. ಹೀಗಾಗಿ ಶಾಟಿನ ಮೇಲೆ ಭರವಸೆ ಬಿಟ್ಟು, ಪಾಸಿನಲ್ಲೇ ಬಲೆಯೊಳಗೆ ನಡೆದು ಹೋಗುವ ಆಟ ಕಲಿತೆವು. ಅದಕ್ಕೆ ಬೇಕಾದದ್ದು ಪರದೆಯ ಕೆಳಗಿನ ಸಣ್ಣ ರಾಡಾರ್.

ಗೇಮು ಆಡಿದವರಿಗೆ ಅದು ಗೊತ್ತು. ಅಂಗೈಯಗಲದ ಮೈದಾನ, ಅದರಲ್ಲಿ ಎರಡು ಬಣ್ಣದ ಚುಕ್ಕಿಗಳು. ಮೇಲಿನ ದೊಡ್ಡ ಚಿತ್ರದಲ್ಲಿ ಚೆಂಡಿನ ಸುತ್ತಲಿನ ಏಳೆಂಟು ಜನ ಮಾತ್ರ; ರಾಡಾರಿನಲ್ಲಿ ಇಪ್ಪತ್ತೆರಡೂ ಜನ. ಮೊದಮೊದಲು ನಾನು ಅದನ್ನು ಗಮನಿಸಿದವನೇ ಅಲ್ಲ. ನನ್ನನ್ನು ಸೋಲಿಸುತ್ತಲೇ ಇದ್ದ ಗೆಳೆಯನೊಬ್ಬನ ಕಣ್ಣು ಯಾವಾಗಲೂ ಪರದೆಯ ಕೆಳಭಾಗದಲ್ಲಿರುವುದನ್ನು ಕಂಡು ನಾನೂ ಹಾಗೆ ಮಾಡಿದೆ. ಒಂದು ತಿಂಗಳಲ್ಲಿ ಆಟವೇ ಬದಲಾಯಿತು. ಚುಕ್ಕಿಗಳ ನಡುವೆ ಎಲ್ಲಿ ತೆರವಿದೆ, ಯಾವ ಚುಕ್ಕಿ ತನ್ನ ಸಾಲು ಬಿಟ್ಟು ಮುಂದೆ ಬಂದಿದೆ, ಅದರ ಹಿಂದೆ ಯಾರು ಖಾಲಿ. ಒಂದು ದಿನ ಥ್ರೂ ಬಾಲ್ ಕೊಟ್ಟು ಗೋಲಾದಾಗ ನನ್ನ ಕಿವಿಯಲ್ಲಿ "ಪಳೆ ರೇ" ಕೇಳಿಸಿತು. ಕಣ್ಣು ಮುಚ್ಚಿಸಿ ಎಡಕ್ಕೆ ಯಾರಿದ್ದಾರೆಂದು ಕೇಳಿದವರು ನನ್ನ ತಲೆಯೊಳಗೆ ಒಂದು ರಾಡಾರ್ ಹುಟ್ಟಲಿ ಎಂದು ಬಯಸಿದ್ದರು. ಉಸುಕಿನಲ್ಲಿ ಅರ್ಥವಾಗದ್ದು ಚುಕ್ಕಿಗಳಲ್ಲಿ ಅರ್ಥವಾಯಿತು.

ಕೊನಾಮಿ ಕಂಪನಿಯವರ ಪಿಇಎಸ್ ಎಂಬ ಇನ್ನೊಂದು ಫುಟ್ಬಾಲ್ ಗೇಮ್ ಆಮೇಲೆ ಬಂತು. ಅದರ ಮೇಲಿನ ಪ್ರೀತಿಯೇ ಬೇರೆ. ಪರವಾನಗಿ ಇಲ್ಲದ್ದರಿಂದ ಮ್ಯಾಂಚೆಸ್ಟರ್ ಯುನೈಟೆಡ್ ಅಲ್ಲಿ 'ಮ್ಯಾನ್ ರೆಡ್', ನಮ್ಮ ಲಿವರ್‌ಪೂಲ್ 'ಮರ್ಸಿಸೈಡ್ ರೆಡ್'. ಹಳೆಯ ಒಂದರಲ್ಲಿ ರಾಬರ್ಟೊ ಕಾರ್ಲೋಸ್‌ನ ಹೆಸರನ್ನು ತಿರುಚಿ 'ಲಾರ್ಕೋಸ್' ಮಾಡಿದ್ದರು. ಪಿಇಎಸ್ 6ರಲ್ಲಿ ಅಡ್ರಿಯಾನೊನ ಹೊಡೆತದ ಬಲ 99 ಇತ್ತು, ಅದಕ್ಕಾಗಿ ಇಂಟರ್ ತಂಡ ಯಾರಿಗೆ ಎಂದು ಪ್ರತಿದಿನ ಜಗಳ. ನನಗೆ ಅವನು ಬೇಡವಾಗಿದ್ದ. ದೂರದಿಂದ ಒಂದು ಹೊಡೆತಕ್ಕೆ ಗೋಲಾದರೆ ಉಳಿದ ಹತ್ತು ಜನ ಎಲ್ಲಿದ್ದರೆ ಏನು?

ಒಂದು ವಿಷಯ ಈಚೆಗೆ ಹೊಳೆಯಿತು. ಈ ಗೇಮುಗಳು ಅನುಕರಿಸುವುದು ಮೈದಾನವನ್ನಲ್ಲ, ಟಿವಿಯನ್ನು. ಮಧ್ಯಗೆರೆಯ ಮೇಲೆ ಎತ್ತರದಲ್ಲಿ ಕೂತ ಕ್ಯಾಮೆರಾ, ಗೋಲಾದ ಮೇಲೆ ರಿಪ್ಲೇ, ಮೂಲೆಯಲ್ಲಿ ಸ್ಕೋರು, ಕಾಮೆಂಟರಿ. ಈಗ ಟಿವಿಯೇ ಗೇಮಿನ ಕಡೆ ಹೋಗುತ್ತಿದೆ. 2022ರ ವಿಶ್ವಕಪ್ಪಿನ ಮೊದಲ ಪಂದ್ಯ ನೆನಪಿದೆಯಾ, ಕತಾರ್ ಮತ್ತು ಎಕ್ವಡಾರ್? ಮೂರನೇ ನಿಮಿಷದಲ್ಲೇ ಎನ್ನರ್ ವಲೆನ್ಸಿಯಾ ಹೊಡೆದ ಗೋಲು ಆಫ್‌ಸೈಡ್ ಎಂದು ರದ್ದಾಯಿತು. ಛಾವಣಿಯ 12 ಕ್ಯಾಮೆರಾಗಳು ಒಬ್ಬೊಬ್ಬ ಆಟಗಾರನ ಮೈಮೇಲಿನ 29 ಬಿಂದುಗಳನ್ನು ಸೆಕೆಂಡಿಗೆ 50 ಸಲ ಗುರುತಿಸುತ್ತಿದ್ದವು, ಚೆಂಡಿನೊಳಗಿನ ಸೆನ್ಸರ್ ಸೆಕೆಂಡಿಗೆ 500 ಸಲ ಸುದ್ದಿ ಕಳಿಸುತ್ತಿತ್ತು. ಆ ತೀರ್ಪನ್ನು ಟಿವಿಯಲ್ಲಿ ತೋರಿಸಿದಾಗ ನಿಜವಾದ ಆಟಗಾರರು ಗೊಂಬೆಗಳಾಗಿದ್ದರು, ಥೇಟ್ ಗೇಮಿನಲ್ಲಿ ಇದ್ದಂತೆ. ಪಕ್ಕದಲ್ಲಿದ್ದ ಅಕ್ಕನ ಮಗ, "ಮಾಮಾ, ಇದು ಮ್ಯಾಚೋ ಗೇಮೋ?" ಅಂದ.

ಅವನ ಬಗ್ಗೆ ಹೇಳದೆ ಮುಗಿಸಲಾರೆ. ಹದಿಮೂರು ವರ್ಷ. ಪೂರ್ತಿ ಪಂದ್ಯ ನೋಡುವುದಿಲ್ಲ, ಮೊಬೈಲಿನಲ್ಲಿ ಗೋಲುಗಳಷ್ಟನ್ನೇ ನೋಡುತ್ತಾನೆ. ಅದಕ್ಕೆ ಅವನನ್ನು ಬೈಯುವವರ ಪೈಕಿ ನಾನಿಲ್ಲ, ಯಾಕೆಂದರೆ ಅದೇ ಮೊಬೈಲಿನ ಫುಟ್ಬಾಲ್ ಗೇಮಿನಲ್ಲಿ ಯಾವ ಆಟಗಾರನನ್ನು ಯಾವ ಹೊತ್ತಿಗೆ ಮುಂದಕ್ಕೆ ಓಡಿಸಬೇಕು ಎಂದು ಅವನಿಗೆ ನನಗಿಂತ ಚೆನ್ನಾಗಿ ಗೊತ್ತು. ದಂಡೆಗೆ ಬಂದರೆ ಮಾತ್ರ ಚೆಂಡಿನ ಹಿಂದೆ ಓಡುತ್ತಾನೆ, "ದೀ ರೇ, ನನಗೆ ಕೊಡು" ಎಂದು ಕೂಗುತ್ತಾನೆ. ಹೋದ ಚಳಿಗಾಲದಲ್ಲಿ ಅವನನ್ನು ಮಡಗಾಂವಕ್ಕೆ ಕರೆದುಕೊಂಡು ಹೋಗಿದ್ದೆ, 70 ಕಿಲೋಮೀಟರ್, ಬೈಕಿನಲ್ಲಿ. ಈಗ ಕಾಳಿ ನದಿಗೆ ಒಂದೇ ಸೇತುವೆ. ನಾನು ಗೆಳೆಯರೊಂದಿಗೆ ಗೋವಾಕ್ಕೆ ಹೋಗುತ್ತಿದ್ದ ಹಳೇ ಸೇತುವೆ 2024ರ ಆಗಸ್ಟ್ 7ರಂದು ಮಧ್ಯರಾತ್ರಿ ದಾಟಿದ ಮೇಲೆ ಕುಸಿಯಿತು. ಮಾಜಾಳಿ, ಪೋಳೆಂ ದಾಟಿ ಕರ್ಮಲ್ ಘಾಟಿ ಹತ್ತುವಾಗ ಅವನಿಗೆ ಒಂದು ಕೆಲಸ ಹೇಳಿದೆ: ಇವತ್ತು ಒಬ್ಬ ಆಟಗಾರನನ್ನು ಆರಿಸಿಕೋ, ಹತ್ತು ನಿಮಿಷ ಅವನನ್ನೇ ನೋಡು, ಚೆಂಡು ಎಲ್ಲಿದ್ದರೂ ಸರಿ. ಅವನು ಒಪ್ಪಿದ. ಮೂರನೇ ನಿಮಿಷಕ್ಕೇ ಅವನ ಕಣ್ಣು ಚೆಂಡಿನ ಕಡೆ ಹೋಯಿತು. ನಾನು ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಿಗೆ ಅವನೇ ತಿರುಗಿ ತನ್ನ ಆಟಗಾರನನ್ನು ಹುಡುಕಿದ.

ಮರುವಾರ ಟಾಗೋರ್ ತೀರದಲ್ಲಿ ನೀರು ಚೆನ್ನಾಗಿ ಇಳಿದಿತ್ತು. ಬಂದರಿನ ಕಡೆ ರಂಪಣಿ ಬಲೆ ಎಳೆಯುತ್ತಿದ್ದರು. ಎರಡು ತುದಿಯಲ್ಲಿ ಎರಡು ಸಾಲು ಜನ ಹಗ್ಗ ಹಿಡಿದಿದ್ದರೆ, ಮೇಲೆ ಒಬ್ಬರು ಮಾತ್ರ ಹಗ್ಗ ಮುಟ್ಟದೆ ನೀರಿನ ಬಣ್ಣ ನೋಡುತ್ತ ಕೈಸನ್ನೆ ಮಾಡುತ್ತಿದ್ದರು. ನಾನು ಗಾಳಿಮರದ ಬುಡದಲ್ಲಿ ಕೂತು ಹುಡುಗರ ಆಟ ನೋಡುತ್ತಿದ್ದೆ. ಚೆಂಡು ಮರಗಳ ಕಡೆ ಇತ್ತು, ಎಂಟು ಜನ ಅದರ ಮೇಲೆ ಮುಗಿಬಿದ್ದಿದ್ದರು. ಅಕ್ಕನ ಮಗ ಆ ಗುಂಪಿನಲ್ಲಿ ಇರಲಿಲ್ಲ. ಆಚೆ, ನೀರಿನ ಅಂಚಿನಲ್ಲಿ, ಹಿಮ್ಮಡಿಗೆ ನೊರೆ ತಾಗುವಷ್ಟು ದೂರದಲ್ಲಿ ನಡೆಯುತ್ತಿದ್ದ. ಕೂಗಲಿಲ್ಲ. ಬಲ ಹೆಗಲ ಮೇಲಿಂದ ಒಮ್ಮೆ ನೋಡಿದ, ನಾಲ್ಕು ಹೆಜ್ಜೆ ಹಾಕಿದ, ಎಡ ಹೆಗಲ ಮೇಲಿಂದ ಒಮ್ಮೆ ನೋಡಿದ. ಚೆಂಡು ಹಿಡಿದಿದ್ದ ಹುಡುಗ ತಲೆಯೆತ್ತದೆ ತಾನೇ ಹೊಡೆದ, ಅದು ಗೋಲಿನ ಪಕ್ಕದಿಂದ ಆಚೆ ಹೋಯಿತು.

ಆಟ ಮುಗಿದ ಮೇಲೆ ಕಾಲಿನ ಉಸುಕು ಕೊಡವುತ್ತ ಬಂದು ನನ್ನ ಪಕ್ಕ ಕೂತ.

"ಮಾಮಾ, ನಾನು ಅಲ್ಲಿ ಖಾಲಿ ಇದ್ದೆ. ನೋಡಿದ್ಯಾ?"

"ನೋಡಿದೆ" ಅಂದೆ.